ಯಾರಿಗೂ ಕೊಡತಕ್ಕದ್ದಲ್ಲ

ಅತ್ತೆ ಬರೆದ ಯಾವ ಕಾದಂಬರಿಯೂ ದೊಡ್ಡತ್ತೆ ಕೇಳದೆ ಹೊರಗೆ ಬಂದದ್ದಿಲ್ಲ, ಕೊನೆಯದೊಂದನ್ನು ಬಿಟ್ಟು.

ಅತ್ತೆ ಎಂದರೆ ನನ್ನ ಗಂಡ ದಾಮೋದರನ ತಾಯಿ, ಇಂದುಮತಿ. ವಡೋದರಾದ ರಾವ್‌ಪುರದಲ್ಲಿ ನಮ್ಮ ಹೋಟೆಲು, ಅದರ ಮಹಡಿಯ ಮೇಲೆ ಮನೆ. ದೊಡ್ಡತ್ತೆ ರುಕ್ಮಿಣಿ, ನನ್ನ ಮಾವನ ಅಣ್ಣನ ಹೆಂಡತಿ. ಅವರ ಹೋಟೆಲು ಸೂರತ್‌ನ ಹೊರಗೆ, ಸಚಿನ್ ಎಂಬಲ್ಲಿ, ಕೈಗಾರಿಕಾ ವಸಾಹತಿನ ಗೇಟಿನೆದುರು. ಉಡುಪಿ ಕಡೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಗುಜರಾತಿಗೆ ಬಂದ ಇಬ್ಬರಿಗೂ ಈಗ ಗಂಡಂದಿರಿಲ್ಲ. ಹೋಟೆಲುಗಳನ್ನು ಗಂಡುಮಕ್ಕಳು ನೋಡಿಕೊಳ್ಳುತ್ತಾರೆ.

ಒಂದು ಅಧ್ಯಾಯ ಮುಗಿಯಿತೆಂದರೆ ಅತ್ತೆ ಹಾಳೆಗಳನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಸೂರತ್ ರೈಲು ಹತ್ತುತ್ತಿದ್ದರು. ಬರುತ್ತೇನೆಂದು ಮೊದಲೇ ಫೋನು ಮಾಡುವ ಅಭ್ಯಾಸವಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ದೊಡ್ಡತ್ತೆಯ ಕಣ್ಣು ಮಂಜಾಗಿ, ಅಕ್ಷರ ಕಾಣುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಊಟದ ಹೊತ್ತಿನ ಗಲಾಟೆ ಇಳಿದ ಮೇಲೆ, ಸಂಜೆಯ ತಿಂಡಿ ಶುರುವಾಗುವ ಮೊದಲು, ಗೆರಸೆಯಲ್ಲಿ ಉದ್ದು ಹರಡಿಕೊಂಡು ಬೆರಳಿನಿಂದಲೇ ಕಲ್ಲು ಹುಡುಕಿ ತೆಗೆಯುತ್ತಿದ್ದರು. ಅತ್ತೆ ಎದುರು ಕೂತು ಓದುವುದು. ದೊಡ್ಡತ್ತೆ ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳುತ್ತಿರಲಿಲ್ಲ. ಕಥೆ ಹಿಡಿದ ಕಡೆ ಅವರ ಕೈ ನಿಂತುಹೋಗುತ್ತಿತ್ತು. ಕೈ ನಿಲ್ಲದೆ ಓಡಿದ ಪುಟಗಳ ಬದಿಯಲ್ಲಿ ಅತ್ತೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಮನೆಗೆ ಬಂದು ಹೊಸದಾಗಿ ಬರೆಯುತ್ತಿದ್ದರು. ವಿಮರ್ಶಕರು ಏನು ಬರೆದರೂ ಅವರು ಇಷ್ಟು ನಂಬಿದ್ದನ್ನು ನಾನು ನೋಡಿಲ್ಲ.

ಕೊನೆಯ ಕಾದಂಬರಿ ದೊಡ್ಡತ್ತೆಯದೇ ಕಥೆ. ಮಗ ಗಣೇಶನಿಗಿಂತ ಮೊದಲು ಅವರಿಗೊಬ್ಬಳು ಮಗಳಿದ್ದಳು, ಪಾರ್ವತಿ. ಬಟ್ಟೆ ಮಿಲ್ಲಿನ ಬಣ್ಣದ ಮೇಸ್ತ್ರಿಯೊಬ್ಬನ ಜೊತೆ ಹೋದಳು. ಆಮೇಲೆ ದೊಡ್ಡಮಾವ ಗೋಡೆಯ ಫೋಟೋ ತೆಗೆಸಿದರು, ಮನೆಯಲ್ಲಿ ಆ ಹೆಸರು ಎತ್ತುವ ಹಾಗಿರಲಿಲ್ಲ. ನಾನು ಮದುವೆಯಾಗಿ ಬಂದು ಎಷ್ಟೋ ವರ್ಷದವರೆಗೆ ದೊಡ್ಡತ್ತೆಗೆ ಇದ್ದದ್ದು ಗಣೇಶನೊಬ್ಬನೇ ಎಂದು ತಿಳಿದಿದ್ದೆ. ದೊಡ್ಡಮಾವ ತೀರಿಕೊಂಡ ಮರುವರ್ಷ ಒಂದು ಮಧ್ಯಾಹ್ನ, ಯಾರೂ ಕೇಳದೆ, ದೊಡ್ಡತ್ತೆ ಎಲ್ಲವನ್ನೂ ಹೇಳಿದರು. ನಾನೂ ಅಲ್ಲಿದ್ದೆ.

"ಬರೆ ಇಂದು," ಎಂದರು ಕೊನೆಯಲ್ಲಿ. "ಅವಳು ಹೋದಲ್ಲಿವರೆಗೆ ನಾನು ಹೇಳಿದೆ. ತಿರುಗಿ ಬಂದಳಾ ಇಲ್ವಾ, ಅದು ನೀನು ಬರಿಯಬೇಕು. ಬರೆದು ಮೊದಲು ನಂಗೆ ಓದು."

"ಬಂದಳಾ ಇಲ್ವಾ ಅಂತ ಈಗಲೇ ಹೇಳ್ತೇನೆ ಬೇಕಾದರೆ," ಎಂದು ಅತ್ತೆ ವಾತಾವರಣ ಹಗುರ ಮಾಡಲು ನೋಡಿದರು.

"ಹೇಳುವುದು ಬೇಡ ಮಾರಾಯ್ತಿ. ಬಾಯಲ್ಲಿ ಹೇಳಿದರೆ ನೀನು ನನ್ನ ಮುಖ ನೋಡಿ ಹೇಳ್ತಿ. ಬರೆಯುವಾಗ ನಿಂಗೆ ಯಾರ ಮುಖವೂ ಕಾಣುವುದಿಲ್ಲ. ಅದನ್ನೇ ಓದು."

ಆ ಕಾದಂಬರಿಗೆ ಅತ್ತೆ 'ಕಾವಲಿಯ ಮುಂದೆ' ಎಂದು ಹೆಸರಿಟ್ಟರು, ಹೋಟೆಲಿನಲ್ಲಿ ದೊಡ್ಡತ್ತೆ ವರ್ಷಗಟ್ಟಲೆ ನಿಂತು ದೋಸೆ ಹೊಯ್ದ ಜಾಗ ಅದು. ಅರ್ಧದವರೆಗೆ ಎಂದಿನಂತೆ ಸಚಿನ್‌ನ ಹೋಟೆಲಿನ ಮಹಡಿಯಲ್ಲಿ ಓದಿಯೂ ಆಗಿತ್ತು. ಆಗ ಸ್ಕಂದ ಬಂದ.

ಎರಡು ಸಾವಿರದ ಇಸವಿಯ ಬೇಸಗೆ. ಮೈಸೂರಿನ ಹುಡುಗ, ಅಹಮದಾಬಾದಿನಲ್ಲಿ ಎಂ.ಬಿ.ಎ. ಓದಿ ಅಲ್ಲೇ 'ಪಾನಾ ಡಾಟ್ ಕಾಮ್' ಎಂಬ ಹೊಸ ಕಂಪನಿಯಲ್ಲಿದ್ದ. ಪಾನಾ ಎಂದರೆ ಗುಜರಾತಿಯಲ್ಲಿ ಪುಟ. ಎಲ್ಲ ಭಾಷೆಯ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಓದುವಂತೆ ಮಾಡಿ ಮಾರುವುದು ಅವರ ಕೆಲಸ. ದೋಸೆ ತಿನ್ನಲು ನಮ್ಮ ಹೋಟೆಲಿಗೆ ಬಂದವನು ಗಲ್ಲಾದಲ್ಲಿ ಕನ್ನಡ ಕೇಳಿ ಮಾತಿಗೆ ನಿಂತ. ಅತ್ತೆಯ ಹಳೆಯ ಕಾದಂಬರಿಯೊಂದನ್ನು ಕೇಳಿ ತೆಗೆದುಕೊಂಡು ಹೋದ. ಮರುವಾರ ನಿಜವಾಗಿಯೂ ಓದಿಕೊಂಡು ಬಂದಿದ್ದ. ಅತ್ತೆಗೆ ಅವನ ಮೇಲೆ ಅಭಿಮಾನ ಹುಟ್ಟಿದ್ದು ಅಲ್ಲಿ.

"ಅಮ್ಮ, ನಿಮ್ಮ ಪುಸ್ತಕ ಎಲ್ಲೆಲ್ಲಿ ಸಿಗತ್ತೆ?" ಎಂದು ಕೇಳಿದ.

"ಉಡುಪಿಯಲ್ಲಿ, ಪದ್ಮನಾಭರಾಯರ ಅಂಗಡಿಯಲ್ಲಿ."

"ಅದು ಬಿಟ್ಟು?"

"ಪದ್ಮನಾಭರಾಯರ ಅಟ್ಟದಲ್ಲಿ," ಎಂದ ದಾಮೋದರ. "ಕಟ್ಟು ಕಟ್ಟು ಉಂಟು ಅಲ್ಲಿ. ಗೆದ್ದಲಿಗೆ ಕನ್ನಡ ಓದ್ಲಿಕ್ಕೆ ಚೆನ್ನಾಗಿ ಬರ್ತದೆ."

ಅತ್ತೆಯೂ ನಕ್ಕರು. ಆದರೆ ಆ ಮಾತು ಅವರಿಗೆ ಎಲ್ಲಿ ತಾಗಿತೆಂದು ನನಗೆ ಕಂಡಿತು. ಪದ್ಮನಾಭರಾಯರು ಒಳ್ಳೆಯ ಪ್ರಕಾಶಕರು. ಅತ್ತೆಯ ಪ್ರತಿಯೊಂದು ಪುಸ್ತಕವನ್ನೂ ಅಕ್ಕರೆಯಿಂದ ಅಚ್ಚು ಹಾಕಿದವರು. ಮಾರುವುದು ಮಾತ್ರ ಅವರಿಗೆ ಎಂದೂ ಬರಲಿಲ್ಲ.

ಸ್ಕಂದ ಅಮೆರಿಕ, ಸಿಂಗಾಪುರ, ದುಬೈಗಳ ಕನ್ನಡಿಗರ ಬಗ್ಗೆ ಹೇಳಿದ. ಅಚ್ಚಿನ ಪುಸ್ತಕ ಅವರಿಗೆ ತಲುಪುವುದೇ ಇಲ್ಲ, ಇದು ಅದೇ ಗಳಿಗೆಯಲ್ಲಿ ತಲುಪುತ್ತದೆ ಎಂದ. "ಆದ್ರೆ ಒಂದು ವಿಷಯ ಅಮ್ಮ. ನಮ್ಮದು ಎಕ್ಸ್‌ಕ್ಲೂಸಿವ್. ನಾವು ತೊಗೊಂಡ ಪುಸ್ತಕ ಇನ್ನೆಲ್ಲೂ ಬರೋ ಹಾಗಿಲ್ಲ. ಹತ್ತು ವರ್ಷ. ಅಚ್ಚಲ್ಲೂ ಇಲ್ಲ."

ಒಪ್ಪಂದ ಇಂಗ್ಲಿಷಿನಲ್ಲಿತ್ತು. ದಾಮೋದರ ಓದಿ ಓದಿ ಕನ್ನಡದಲ್ಲಿ ಹೇಳಿದ. ಲೇಖಕಿಯು ಕೃತಿಯ ಮೂಲಪ್ರತಿಯನ್ನೂ ಇರುವ ಎಲ್ಲ ನಕಲುಗಳನ್ನೂ ಕಂಪನಿಗೆ ಒಪ್ಪಿಸತಕ್ಕದ್ದು. ಈ ಕೃತಿಯನ್ನು ಯಾವ ರೂಪದಲ್ಲಿಯೂ ಬೇರೆ ಯಾರಿಗೂ ಕೊಡತಕ್ಕದ್ದಲ್ಲ.

"ಯಾರಿಗೂ ಅಂದರೆ?" ಅತ್ತೆ ಕೇಳಿದರು.

"ಯಾರಿಗೂ ಅಂದ್ರೆ ಯಾರಿಗೂ. ಪದ್ಮನಾಭರಾಯರಿಗೆ ಕೊಡಬೇಡಿ ಅಂತ ಅದರ ಅರ್ಥ," ಎಂದ ದಾಮೋದರ.

"ಅಕ್ಕನಿಗೆ ಓದುವುದು?" ಅತ್ತೆ ದೊಡ್ಡತ್ತೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ದಾಮೋದರ ಕಾಗದವನ್ನು ತಿರುಗಿಸಿ ನೋಡಿದ. "ಅಕ್ಕನ ವಿಷಯ ಇದರಲ್ಲಿಲ್ಲ."

"ಮನೆಯಲ್ಲಿ ಓದಿ ಹೇಳುವುದಕ್ಕೆ ಇದು ಅನ್ವಯಿಸಲಿಕ್ಕಿಲ್ಲ ಅತ್ತೆ," ಎಂದೆ ನಾನು. "ಸ್ಕಂದನಿಗೆ ಒಂದು ಫೋನು ಮಾಡಿ ಕೇಳುವಾ. ಹಾಗೆಯೇ ಒಂದು ಜೆರಾಕ್ಸ್ ತೆಗೆದಿಟ್ಟುಕೊಳ್ಳುವಾ."

ಅತ್ತೆ ಎರಡಕ್ಕೂ ಒಪ್ಪಲಿಲ್ಲ. ನಮ್ಮ ಹೋಟೆಲಿನಲ್ಲಿ ಬೆಳಿಗ್ಗೆ ಮೊದಲು ಆಗುವುದು ದೇವರ ನೈವೇದ್ಯ. ಅದರ ಉಪ್ಪು ನೋಡುವ ಹಾಗಿಲ್ಲ, ಮೂಸುವ ಹಾಗಿಲ್ಲ. ಎಷ್ಟು ಅನುಭವಿ ಅಡುಗೆಯವನಾದರೂ ಕಣ್ಣಳತೆಯಲ್ಲಿ ಮಾಡಿ ಒಳಗಿಟ್ಟು ಬಾಗಿಲು ಹಾಕಬೇಕು. ಹೆಚ್ಚುಕಡಿಮೆಯಾದರೆ ಅದು ಮಾಡಿದವನ ಪಾಡು. ಅತ್ತೆ ಆ ಒಪ್ಪಂದವನ್ನು ಅರ್ಥ ಮಾಡಿಕೊಂಡದ್ದು ಹೀಗೆ.

"ಇದು ಅವರಿಗೆ ಅಂತ ಇಟ್ಟಾಯ್ತು ಸಂಧ್ಯಾ," ಎಂದರು. "ಇನ್ನು ಅಕ್ಕನಿಗೊಂದು ಸೌಟು, ನಮಗೊಂದು ಸೌಟು ಅಂತ ತೆಗೆದರೆ ಅದು ಎಂಜಲು. ಕೇಳುವುದು ಕೂಡ ಬೇಡ. ಆಸೆ ಇದ್ದವರು ಕೇಳುವುದು."

"ದೊಡ್ಡತ್ತೆಗೆ ಮಾತು ಕೊಟ್ಟಿದ್ದೀರಲ್ಲ."

"ದೀಪಾವಳಿಗೆ ಹೊರಗೆ ಬರ್ತದೆ ಅಂದಿದ್ದಾನೆ. ಬಂದ ಮೇಲೆ ಓದ್ತೇನೆ. ಆಗ ಅದು ಪ್ರಸಾದ."

ಒಪ್ಪಂದಕ್ಕೆ ಸಹಿ ಹಾಕಿ, ಉಳಿದರ್ಧವನ್ನು ಅತ್ತೆ ಯಾರಿಗೂ ಓದದೆ ಬರೆದರು. ಆ ಮಳೆಗಾಲವಿಡೀ ಅವರು ಸೂರತ್‌ಗೆ ಹೋಗಲಿಲ್ಲ, ಹೋದರೆ ಬಾಯಿಬಿಟ್ಟೇನೆಂಬ ಭಯ. ದೊಡ್ಡತ್ತೆ ಫೋನಿನಲ್ಲಿ, "ಎಂತ ಇಂದು, ನಾನು ಮಡಿವಂತರ ಮನೆಯ ಹೊರಗೆ ಕೂತ ಹಾಗೆ ಆಯ್ತು," ಎಂದು ತಮಾಷೆ ಮಾಡಿದರು. ನವರಾತ್ರಿಯಲ್ಲಿ, ಬೀದಿಯಲ್ಲಿ ಗರಬಾ ಹಾಡಿನ ಮೈಕು ಕಟ್ಟುತ್ತಿದ್ದ ಸಂಜೆ, ಸ್ಕಂದ ಬಂದು ಹಾಳೆಗಳನ್ನೆಲ್ಲ ಎಣಿಸದೆ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡು ಹೋದ. ಪೆನ್ಸಿಲಿನ ಗೆರೆಗಳಿದ್ದ ಹಳೆಯ ಹಾಳೆಗಳನ್ನೂ ಅತ್ತೆ ಅದಕ್ಕೆ ಸೇರಿಸಿದರು. ಅವನು ಅದನ್ನು ಕೇಳಿರಲಿಲ್ಲ. ನನಗೆ ಅವತ್ತು ಊಟ ಸೇರಲಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ದಾರಿಯ ಮಧ್ಯದಿಂದ ಮನೆಗೆ ಓಡಿಬರುವವಳು ನಾನು, ಹಾಗಾಗಿ ನನ್ನ ಹೆದರಿಕೆಗಳಿಗೆ ಮನೆಯಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ನಾನೂ ಕೊಡಬಾರದೆಂದು ಸುಮ್ಮನಾದೆ.

ದೀಪಾವಳಿ ಕಳೆದು ಒಂದು ವಾರಕ್ಕೆ ಸಿ.ಡಿ. ಬಂತು. ಡಬ್ಬಿಯ ಮೇಲೆ ಅತ್ತೆಯ ಫೋಟೋ. ಹೋಟೆಲಿನ ಲೆಕ್ಕದ ಕಂಪ್ಯೂಟರಿಗೆ ಅದನ್ನು ಹಾಕಿ, ಫೋನಿನ ತಂತಿ ಚುಚ್ಚಿ, ಕಂಪನಿ ಕಳಿಸಿದ ಗುಪ್ತಸಂಖ್ಯೆ ಒತ್ತಿದ ಮೇಲೆ ಪುಸ್ತಕ ತೆರೆಯಿತು. ಆ ಸಂಖ್ಯೆ ಆ ಒಂದು ಕಂಪ್ಯೂಟರಿಗೆ ಮಾತ್ರ. ಬೇರೆ ಕಡೆ ತೆರೆಯುವುದಿಲ್ಲ, ಪ್ರಿಂಟು ಬರುವುದಿಲ್ಲ. ಕಳ್ಳತನ ಆಗಬಾರದಲ್ಲ ಎಂದ ಸ್ಕಂದ.

ಅತ್ತೆ ಪರದೆಯ ಮುಂದೆ ಕೂತು ಎರಡು ಪುಟ ನೋಡಿದರು, ಕಣ್ಣಲ್ಲಿ ನೀರು ಬಂತು. "ಮೊಸರಿನ ಪಾತ್ರೆಯೊಳಗೆ ಇಣುಕಿದ ಹಾಗೆ ಉಂಟು," ಎಂದು ಎದ್ದರು. ನನ್ನ ಮಗಳು ಪ್ರಾರ್ಥನಾ, ಕನ್ನಡ ಓದಲು ಬಾರದವಳು, ಮೌಸು ಹಿಡಿದು, "ಅಜ್ಜಿ, ಬೈಠೋ ನಾ, ನಾನು ಪಾನಾ ತಿರುಗಿಸಿ ಕೊಡ್ತೆ," ಎಂದು ಕರೆದರೂ ಬರಲಿಲ್ಲ. ಅಕ್ಷರದೋಷ ನೋಡಿ ತಿಳಿಸಬೇಕಿತ್ತು. ಹಾಗಾಗಿ ಎರಡು ಮಧ್ಯಾಹ್ನ ಕೂತು ನಾನು ಅದನ್ನು ಪೂರ್ತಿ ಓದಿದೆ. ಕೊನೆಯ ಅಧ್ಯಾಯ ಓದಿ ಕೆಳಗಿಳಿದು ಬಂದಾಗ ಗಲ್ಲಾದಲ್ಲಿದ್ದ ದಾಮೋದರ, "ಎಂತ ಆಯ್ತು ನಿಂಗೆ?" ಎಂದ. ಏನೂ ಆಗಲಿಲ್ಲ ಎಂದೆ.

ಕೊಂಡವರು ಬೆರಳೆಣಿಕೆಯಷ್ಟು ಜನ. ಅಮೆರಿಕದ ಒಬ್ಬ ಹೆಂಗಸು ಕಂಪನಿಯ ಮೂಲಕ ಒಂದು ಇ-ಮೇಲ್ ಬರೆದಿದ್ದರು: ನನ್ನ ತಾಯಿಗೂ ಈ ಪುಸ್ತಕ ಬೇಕಂತೆ, ಅವರಿಗೆ ಕಂಪ್ಯೂಟರಿನ ಮುಂದೆ ಕೂರಲಾಗುವುದಿಲ್ಲ, ಅಚ್ಚಿನದು ಎಲ್ಲಿ ಸಿಗುತ್ತದೆ? ಸ್ಕಂದ ಅದನ್ನು ನಗುತ್ತಾ ಫೋನಿನಲ್ಲಿ ಓದಿದ. ಎಲ್ಲೂ ಸಿಗುವುದಿಲ್ಲ ಎಂಬ ಉತ್ತರವನ್ನು ಅವನೇ ಕಳಿಸಿದ್ದನಂತೆ.

ಇನ್ನು ದೊಡ್ಡತ್ತೆಗೆ ಓದಬೇಕು. ಆದರೆ ಅವರ ಪಾದಕ್ಕೊಂದು ಗಾಯವಾಗಿ ಮಾಯುತ್ತಿರಲಿಲ್ಲ. ಸಕ್ಕರೆಯವರ ಗಾಯ. ಕಂಪ್ಯೂಟರನ್ನು ಸಚಿನ್‌ಗೆ ಹೊತ್ತುಕೊಂಡು ಹೋದರೆ ಹೋಟೆಲಿನ ಲೆಕ್ಕ ನಿಲ್ಲುತ್ತದೆಂದು ದಾಮೋದರ. ನಾನೇ ನೋಡಿ ಕೈಯಲ್ಲಿ ಬರೆದುಕೊಳ್ಳುತ್ತೇನೆ ಎಂದರೆ ಅತ್ತೆ, "ನಕಲು ಮಾಡಬಾರದು ಅಂತ ಉಂಟಲ್ಲ," ಎಂದರು. ಸಂಕ್ರಾಂತಿ ಕಳೆದ ಮೇಲೆ ದೊಡ್ಡತ್ತೆಯನ್ನೇ ಕಾರಿನಲ್ಲಿ ಕರೆಸುವುದೆಂದು ತೀರ್ಮಾನವಾಯಿತು. ಗಣೇಶ ಒಪ್ಪಿದ. ದೊಡ್ಡತ್ತೆಯಂತೂ ಯಾವ ಸೀರೆ ಉಡುವುದೆಂದು ಸೊಸೆಯನ್ನು ಕೇಳಿದರಂತೆ.

ಸಂಕ್ರಾಂತಿಯ ಗಾಳಿಪಟದ ಹಬ್ಬದ ಹೊತ್ತಿಗೆ ಕರೆಂಟು ಹೋಗಿ ಬಂದು ಮಾಡಿ ಕಂಪ್ಯೂಟರು ನಿಂತಿತು. ರಿಪೇರಿಯವನು ಬಂದು ಎಲ್ಲವನ್ನೂ ಒರೆಸಿ ಹೊಸದಾಗಿ ಹಾಕಿಕೊಟ್ಟ. ಲೆಕ್ಕವೆಲ್ಲ ಫ್ಲಾಪಿಗಳಲ್ಲಿ ಭದ್ರವಾಗಿತ್ತು. ಸಿ.ಡಿ. ಹಾಕಿದರೆ, ಈ ಪುಸ್ತಕ ಬೇರೆ ಯಂತ್ರಕ್ಕೆ ನೋಂದಣಿಯಾಗಿದೆ ಎಂಬ ಸಾಲು ಮಾತ್ರ ಬಂತು. ಅತ್ತೆಯ ಫೋಟೋ ಬಂತು, ಹೆಸರು ಬಂತು, ಪುಸ್ತಕ ಬರಲಿಲ್ಲ.

"ಅಯ್ಯೋ ಅದೇನ್ ಬಿಡಿ ಅಮ್ಮ, ಹೊಸ ನಂಬರ್ ಕಳಿಸ್ತೀನಿ," ಎಂದ ಸ್ಕಂದ. "ಈ ವಾರ ಇಲ್ಲಿ ಸ್ವಲ್ಪ ಗಡಿಬಿಡಿ."

ಆ ವಾರ ಕಳೆದು, ಗಣರಾಜ್ಯೋತ್ಸವದ ಬೆಳಿಗ್ಗೆ, ಭೂಮಿ ನಡುಗಿತು. ನಮ್ಮಲ್ಲಿ ಪಾತ್ರೆ ಬಿದ್ದವು, ಗೋಡೆ ಬಿರುಕು ಬಿಟ್ಟಿತು. ಅಹಮದಾಬಾದಿನಲ್ಲಿ ಮಹಡಿ ಮನೆಗಳೇ ಕುಸಿದಿದ್ದವು. ಸ್ಕಂದ ಬದುಕಿದ್ದಾನೆಂದು ತಿಳಿದ ಮೇಲೆ ಅತ್ತೆ ಫೋನು ಮಾಡುವುದನ್ನು ನಿಲ್ಲಿಸಿದರು. ಜನ ಹೆಣ ಹುಡುಕುವಾಗ ಪುಸ್ತಕದ ಬೀಗದಕೈ ಕೇಳುವುದು ಹೇಗೆ? ಫೆಬ್ರವರಿ ಹಾಗೇ ಹೋಯಿತು. ಮಾರ್ಚಿನಲ್ಲಿ ಫೋನು ಎತ್ತುವವರಿರಲಿಲ್ಲ. ಎಪ್ರಿಲಿನಲ್ಲಿ ಆ ಸಂಖ್ಯೆಯೇ ಇರಲಿಲ್ಲ.

ಅತ್ತೆ ಮತ್ತು ನಾನು ಅಹಮದಾಬಾದಿಗೆ ಹೋದೆವು. ಕಂಪನಿಯ ಬಾಗಿಲ ಮೇಲೆ ಬೇರೆ ಬೋರ್ಡಿತ್ತು, ಒಳಗೆ ಪರದೆ ಬಟ್ಟೆ ಮಾರುತ್ತಿದ್ದರು. ಅವರಿವರನ್ನು ಕೇಳಿ ಕೊನೆಗೆ ಸ್ಕಂದ ಸಿಕ್ಕಿದ್ದು ಊರಂಚಿನ ವಟ್ವಾದಲ್ಲಿ, ಒಂದು ಬಣ್ಣದ ಕಾರ್ಖಾನೆಯ ಆಫೀಸಿನಲ್ಲಿ. ಹೊರಗಿನ ಚರಂಡಿಯ ನೀರು ಕೆಂಪಗೆ ಹರಿಯುತ್ತಿತ್ತು, ಗಂಟಲು ಉರಿಯುತ್ತಿತ್ತು. ನಮ್ಮನ್ನು ನೋಡಿ ಅವನ ಮುಖ ಇಳಿಯಿತು. ಎದ್ದು ನಿಂತು ಕುರ್ಚಿ ಒರೆಸಿದ.

"ಕಂಪನಿ ಮುಚ್ಚಿಹೋಯ್ತು ಅಮ್ಮ. ನಮಗೂ ಒಂದಿನ ಬೆಳಿಗ್ಗೆ ಬಂದಾಗ್ಲೇ ಗೊತ್ತಾಗಿದ್ದು."

"ಪುಸ್ತಕ?"

"ಹಕ್ಕುಗಳನ್ನೆಲ್ಲ ಮುಂಬೈಯೋರು ಯಾರೋ ತೊಗೊಂಡ್ರು, ಒಟ್ಟಿಗೆ. ಅವರಿಗೆ ಪುಸ್ತಕ ಬೇಕಾಗಿರ್ಲಿಲ್ಲ, ಮಷೀನು ಬೇಕಾಗಿತ್ತು. ನಂಬರ್ ಕೊಡೋ ಮಷೀನು ಈಗ ಎಲ್ಲೂ ನಡೀತಿಲ್ಲ."

"ನನ್ನ ಹಾಳೆಗಳು?"

ಟೈಪು ಮಾಡಲು ಬೆಂಗಳೂರಿಗೆ ಕಳಿಸಿದ್ದು, ಅಲ್ಲಿಂದ ವಾಪಸು ಬಂದ ಪೆಟ್ಟಿಗೆಗಳು ನೆಲಮಾಳಿಗೆಯಲ್ಲಿದ್ದದ್ದು, ಭೂಕಂಪವಾದ ಮೇಲೆ ಕಟ್ಟಡದವರು ನೆಲಮಾಳಿಗೆ ಖಾಲಿ ಮಾಡಿಸಿದ್ದು, ಇಷ್ಟನ್ನು ತುಂಡು ತುಂಡಾಗಿ ಹೇಳಿದ. "ನಿಮ್ಮ ಹತ್ರ ಒಂದು ಜೆರಾಕ್ಸ್ ಆದ್ರೂ ಇದ್ದೇ ಇರತ್ತೆ ಅಲ್ವಾ ಅಮ್ಮ? ಎಲ್ಲರೂ ಇಟ್ಕೊಂಡಿರ್ತಾರೆ."

"ಇಟ್ಟುಕೊಳ್ಳಬಾರದು ಅಂತ ಇತ್ತಲ್ಲ," ಎಂದರು ಅತ್ತೆ. "ಅಕ್ಕನಿಗೆ ಕೂಡ ಓದಲಿಲ್ಲ ನಾನು."

"ಮನೇಲಿ ಓದ್ಬೇಡಿ ಅಂತ ಯಾರು ಹೇಳಿದ್ದು?"

ಅವನು ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ. ಅತ್ತೆ ಅವನನ್ನು ನೋಡಿದರು. ಆಮೇಲೆ ನೆಲ ನೋಡಿದರು. ಅವನ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಬರಲಿಲ್ಲ. ಹೊರಡುವಾಗ, "ಊಟ ಎಲ್ಲಿ ಮಾಡ್ತಿ ಈಗ?" ಎಂದು ಕೇಳಿದರು.

ಅಮೆರಿಕದ ಆ ಹೆಂಗಸಿನ ಬಳಿ ಪುಸ್ತಕ ಇನ್ನೂ ತೆರೆಯುತ್ತಿರಬಹುದೆಂದು ನನಗೆ ರೈಲಿನಲ್ಲಿ ಹೊಳೆಯಿತು. ಆದರೆ ಅವರ ಪತ್ರ ಬಂದದ್ದು ಕಂಪನಿಗೆ. ನಮಗೆ ಹೆಸರೂ ತಿಳಿದಿರಲಿಲ್ಲ.

ಆ ಬೇಸಗೆಯಲ್ಲಿ ಅತ್ತೆ ಉಳಿದರ್ಧವನ್ನು ಮತ್ತೊಮ್ಮೆ ಬರೆಯಲು ಕೂತರು. ಅಚ್ಚಿಗಲ್ಲ. ಪದ್ಮನಾಭರಾಯರು ಫೋನಿನಲ್ಲಿ ಮೊದಲೇ ಹೇಳಿದ್ದರು: "ಇಂದುಮತಿಯಮ್ಮ, ನೀವು ಅವರಿಗೆ ಸಹಿ ಹಾಕಿಕೊಟ್ಟ ಪುಸ್ತಕವನ್ನು ನಾನು ಹೇಗೆ ಮುಟ್ಟಲಿ? ಹತ್ತು ವರ್ಷಕ್ಕೆ ನಾನಿರ್ತೇನೋ ಇಲ್ವೋ. ಅವರಿಂದ ಒಂದು ಒಪ್ಪಿಗೆ ಪತ್ರ ತರಿಸಿ, ನಾಳೆಯೇ ಅಚ್ಚಿಗೆ ಹಾಕ್ತೇನೆ." ಒಪ್ಪಿಗೆ ಕೊಡಬೇಕಾದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮುಂಬೈಯ ವಿಳಾಸವೊಂದನ್ನು ಸ್ಕಂದ ಹುಡುಕಿಕೊಟ್ಟ. ಅಲ್ಲಿಗೆ ಬರೆದ ಪತ್ರ ತಿರುಗಿ ಬಂತು.

ಅತ್ತೆ ಬರೆದದ್ದು ದೊಡ್ಡತ್ತೆಗೆಂದೇ. ಗಾಯ ಮೇಲೇರಿತ್ತು. ಕಾಲು ತೆಗೆಯಬೇಕೆಂದು ಸೂರತ್‌ನ ಡಾಕ್ಟರು ಹೇಳಿದರೆ ದೊಡ್ಡತ್ತೆ, ಇದ್ದ ಹಾಗೆಯೇ ಹೋಗ್ತೇನೆ ಎಂದು ಮನೆಗೆ ಬಂದುಬಿಟ್ಟಿದ್ದರು. ಗಣೇಶ ದಿನವೂ ಫೋನು ಮಾಡುತ್ತಿದ್ದ. ಅತ್ತೆ ಬರೆಯುವುದು, ಹರಿಯುವುದು, ಬರೆಯುವುದು. ನಾನು ಚಹಾ ಇಟ್ಟು ಬರುವಾಗ ಹಿಂದಿನ ಲೋಟ ಹಾಗೇ ಆರಿರುತ್ತಿತ್ತು.

"ನೀನು ಓದಿದ್ದಿ ಅಲ್ವಾ ಸಂಧ್ಯಾ," ಎಂದರು ಒಮ್ಮೆ. "ಕೊನೆಯ ಅಧ್ಯಾಯ ಹೇಗೆ ಶುರು ಮಾಡಿದ್ದೆ?"

"ಮಳೆಗಾಲದ ಒಂದು ಮಂಗಳವಾರ ಅಂತ."

"ಹೌದು, ಆಮೇಲೆ?"

ಏನಾಯಿತೆಂದು ಹೇಳಿದೆ. ಅತ್ತೆ ತಲೆಯಾಡಿಸಿದರು. "ಅದೆಲ್ಲ ನಂಗೂ ನೆನಪುಂಟು. ಹೇಗೆ ಬರೆದಿದ್ದೆ ಅಂತ ನೆನಪಿಲ್ಲ. ಆಗ ಬರೆಯುವಾಗ ಅಕ್ಕ ಬದುಕಿರ್ತಾಳೆ ಅಂತ ಬರೆದದ್ದು. ಈಗ ಪೆನ್ನು ಆ ಕಡೆ ಹೋಗುವುದೇ ಇಲ್ಲ."

ಅವರು ಕೊನೆಗೆ ಏನು ಬರೆದರೆಂದು ನನಗೆ ತಿಳಿದದ್ದು ಸಚಿನ್‌ನಲ್ಲಿ, ಓದುವಾಗಲೇ. ಶ್ರಾವಣದ ಮೊದಲ ವಾರ. ದೊಡ್ಡತ್ತೆ ಮಂಚದ ಮೇಲೆ, ಕಾಲಿನ ಮೇಲೆ ಬಿಳಿ ಬಟ್ಟೆ. ಕೋಣೆಯಲ್ಲಿ ಊದುಬತ್ತಿ ಹಚ್ಚಿದ್ದರೂ ಗಾಯದ ವಾಸನೆ ಇತ್ತು. ಕೆಳಗಿನಿಂದ ಊಟದ ತಟ್ಟೆಗಳ ಸದ್ದು, ಮಿಲ್ಲಿನ ಹುಡುಗರ ಹಿಂದಿ.

"ತಂದಿಯಾ?" ಎಂದರು.

"ತಂದೆ ಅಕ್ಕ."

"ಕಂಪ್ಯೂಟರಿನೊಳಗಿಂದ ತೆಗೆದರಾ?"

ಅತ್ತೆ ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದರು. ಮೂರು ಮಧ್ಯಾಹ್ನ ಓದಿದರು. ಸ್ವರ ಸ್ಥಿರವಾಗಿತ್ತು. ಕೊನೆಯ ಅಧ್ಯಾಯದಲ್ಲಿ ಮಗಳು ಮುಂಬಾಗಿಲಿನಿಂದ ಬಂದಳು, ಕೈಹಿಡಿದ ಮಗುವಿನೊಂದಿಗೆ. ಗಲ್ಲಾದಲ್ಲಿದ್ದ ತಂದೆ ಎದ್ದು ನಿಂತ. ತಾಯಿ ಕಾವಲಿಯ ಮುಂದಿನಿಂದ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ನಾನು ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದೆ, ಕೋಣೆಯೊಳಗೆ ನೋಡುವ ಧೈರ್ಯವಿರಲಿಲ್ಲ.

"ಚೆಂದ ಉಂಟು," ಎಂದರು ದೊಡ್ಡತ್ತೆ, ಎಂದೂ ಹೇಳದವರು.

ಅತ್ತೆ ಹಾಳೆಗಳನ್ನು ಜೋಡಿಸಿ, ಅಂಚು ಸಮ ಮಾಡಿ, ಮತ್ತೆ ಸಮ ಮಾಡಿ, ಸ್ನಾನಕ್ಕೆ ಹೋಗ್ತೇನೆ ಎಂದು ಎದ್ದು ಹೋದರು. ಮಧ್ಯಾಹ್ನ ಸ್ನಾನ ಮಾಡುವವರಲ್ಲ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದ ಸದ್ದು ಬಂತು, ಬಕೆಟ್ಟು ತುಂಬಿ ಸುರಿಯುತ್ತಿದ್ದರೂ ನಿಲ್ಲಲಿಲ್ಲ.

"ಬಾ ಮಗಾ, ಇಲ್ಲಿ ಕೂತುಕೋ," ಎಂದರು ದೊಡ್ಡತ್ತೆ. ನಾನು ಮಂಚದ ಅಂಚಿಗೆ ಕೂತೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. ಬೆರಳುಗಳು ಬಿಸಿಯಾಗಿದ್ದವು.

"ಇದು ಅವಳು ಮೊದಲು ಬರೆದದ್ದಲ್ಲ."

ನಾನು ಬಚ್ಚಲಿನ ಬಾಗಿಲ ಕಡೆ ನೋಡಿದೆ.

"ಪಾಪ, ನನ್ನನ್ನು ನೋಡಿಕೊಂಡು ಬರೆದಿದ್ದಾಳೆ. ನೀನು ಮೊದಲಿನದನ್ನು ಕಂಪ್ಯೂಟರಿನಲ್ಲಿ ಓದಿದ್ದಿ ಅಂತ ಗಣೇಶ ಹೇಳಿದ. ಅದರಲ್ಲಿ ಬಂದಿದ್ದಳಾ?"

ಸಾಯುವವರಿಗೆ ಇದ್ದದ್ದನ್ನು ಹೇಳಿದರೆ ಅತ್ತೆ ಬರೆದುಕೊಂಡು ಬಂದದ್ದನ್ನು ನಾನು ಬಿಚ್ಚಿದಂತಾಗುತ್ತದೆ. ಬಿಚ್ಚದಿದ್ದರೆ ಇವರು ಕೇಳಿದ್ದು ಇವರಿಗೆ ಎಂದೂ ಸಿಗುವುದಿಲ್ಲ. ಬಚ್ಚಲಿನ ನೀರಿನ ಸದ್ದನ್ನೇ ಕೇಳುತ್ತಾ, "ಬಂದಿದ್ದಳು ದೊಡ್ಡತ್ತೆ," ಎಂದೆ.

"ಹೇಗೆ?"

"ಗಿರಾಕಿಯ ಹಾಗೆ. ಮುಂದಿನ ಟೇಬಲ್ಲಿನಲ್ಲಿ ಕೂತು ದೋಸೆ ತರಿಸಿಕೊಂಡಳು. ತಿಂದು, ಕೈ ತೊಳೆದು, ಹೋದಳು. ತಾಯಿ ಒಳಗೆ ಕಾವಲಿಯ ಮುಂದೆ ಇದ್ದಳು. ಅವಳಿಗೆ ತಿಳಿಯಲೇ ಇಲ್ಲ."

ದೊಡ್ಡತ್ತೆಯ ಕಣ್ಣು ಛಾವಣಿಯ ಕಡೆಗಿತ್ತು. "ಅವಳು ಬರೆದ ಹಾಗೆಯೇ ಹೇಳು."

ನಾನು ನೆನಪು ಮಾಡಿಕೊಂಡೆ. ಎರಡು ಮಧ್ಯಾಹ್ನ ಆ ಪರದೆಯ ಮುಂದೆ ಕೂತು ಓದಿದ ಅಷ್ಟೊಂದು ಪುಟಗಳಲ್ಲಿ, ಅತ್ತೆ ಒಂದು ಮಳೆಗಾಲ ಯಾರ ಮುಖವನ್ನೂ ನೋಡದೆ ಬರೆದ ಅಷ್ಟೊಂದು ಸಾಲುಗಳಲ್ಲಿ, ನನ್ನ ಬಳಿ ಉಳಿದಿದ್ದದ್ದು ಒಂದು.

"'ಒಳಗೆ ಹೊಯ್ದ ದೋಸೆ ಹೊರಗೆ ಯಾರ ಎದುರಿಗೆ ಹೋಗುತ್ತದೆಂದು ಹೊಯ್ದವಳಿಗೆ ಗೊತ್ತಿರುವುದಿಲ್ಲ' ಅಂತ ಇತ್ತು."

"ಮುಂದೆ?"

"ಮುಂದಿನದು ಸಣ್ಣ ಸಾಲು. ಅದು…" ಬರಲಿಲ್ಲ. "ನೆನಪಿಲ್ಲ ದೊಡ್ಡತ್ತೆ."

ಅವರು ಕಾದರು. ಆಮೇಲೆ ನನ್ನ ಕೈಯನ್ನು ಸ್ವಲ್ಪ ಒತ್ತಿದರು. ಕೆಳಗೆ ಯಾರೋ ಚಟ್ನಿ ಕೇಳುತ್ತಿದ್ದರು.

"ಹಾಗಾದರೆ ಒಳಗೆ ಬರಲಿಲ್ಲ."

"ಇಲ್ಲ."

"ತಿಂದದ್ದು ನಾನು ಹೊಯ್ದದ್ದನ್ನೇ."

"ಹೌದು."

"ಒಂದೇನಾ," ಎಂದರು ನನ್ನ ಕೈ ಬಿಡದೆ, "ಎರಡು ತಿಂದಳಾ?"

ಪುಸ್ತಕದಲ್ಲಿ ಅದು ಇತ್ತೋ ಇಲ್ಲವೋ ನನಗೆ ನೆನಪಿರಲಿಲ್ಲ. ಇನ್ನು ತೆರೆದು ನೋಡಲು ಆ ಪುಸ್ತಕ ಎಲ್ಲಿಯೂ ಇರಲಿಲ್ಲ.

"ಎರಡು," ಎಂದೆ.